ತೂಕದ ಸರ್ಜರಿಗೆ ಹೋಗೋರು ಆರು ವಾರಕ್ಕೆ ಬ್ಯಾಗು ಕಟ್ಕೊಳ್ಳಿ



ತೂಕ ಇಳಿಸೋ ಸರ್ಜರಿಗೆ ಆಸ್ಪತ್ರೆ ಸೇರುವಾಗ ಏನೇನು ತಗೊಂಡು ಹೋಗ್ಬೇಕು ಅನ್ನೋ ಪಟ್ಟಿಗಳು ವಾಟ್ಸಾಪಲ್ಲಿ ಓಡಾಡ್ತಾ ಇರ್ತವೆ. ಮೆತ್ತನೆ ಚಪ್ಪಲಿ, ತುಟಿಗೆ ಹಚ್ಚೋ ಮುಲಾಮು, ಹೆಡ್‌ಫೋನ್, ಓದೋಕೊಂದು ಪುಸ್ತಕ, ಪ್ರೋಟೀನ್ ಪೌಡರ್ ಕಲಸೋ ಬಾಟ್ಲಿ, ವಾಪಸ್ ಬರುವಾಗ ಹಾಕ್ಕೊಳ್ಳೋಕೆ ಸಡಿಲವಾದ ಡ್ರೆಸ್. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದ್ರೆ ಅದನ್ನ ಬರೆದವರ ಕಣ್ಣಮುಂದೆ ಇದ್ದ ರೋಗಿಗೆ ಸಂಬಳದ ಜೊತೆ ರಜೆ ಇದೆ, ಒಬ್ಬರೇ ಮಲಗೋ ರೂಮಿದೆ, ಇನ್ಶೂರೆನ್ಸ್ ಇದೆ, ಮನೆಯಲ್ಲಿ ಅಡುಗೆಗೆ ಇನ್ನೊಬ್ಬರಿದ್ದಾರೆ. ಅಂಥವರಿಗೆ ಆಸ್ಪತ್ರೆ ಅಂದ್ರೆ ಎರಡು ಮೂರು ದಿನದ ಮಾತು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ, ಟ್ಯಾನರಿ ರಸ್ತೆಯ ಸಂದಿಗಳಿಂದ ಹೋಗೋ ನಮ್ಮ ಹೆಂಗಸರಿಗೆ ಅದು ಕಮ್ಮಿ ಅಂದ್ರೂ ಆರು ವಾರದ ಮಾತು. ಅದಕ್ಕೇ ನಮ್ಮ ಪಟ್ಟಿ ಬೇರೆ ಇರ್ಬೇಕು. ಅದರಲ್ಲಿ ಅರ್ಧ ಸಾಮಾನನ್ನ ಯಾವ ಮನೆಯವರೂ ಒಬ್ಬರೇ ತುಂಬೋಕಾಗಲ್ಲ. ಅದನ್ನ ಸರ್ಕಾರ ತುಂಬಬೇಕು, ಸಂಘಟನೆ ತುಂಬಬೇಕು. ಈ ಪೋಸ್ಟ್ ಅದಕ್ಕೆ.

ನಮ್ಮ ಸಂಗಾತಿಗಳಲ್ಲೇ ಕೆಲವರು ಮೂಗು ಮುರೀತಾರೆ, ಗೊತ್ತು. "ಬೊಜ್ಜು ಇರೋರ ಮನೆ ಕಾಯಿಲೆ, ಅದಕ್ಕೂ ಚಳವಳಿಗೂ ಏನ್ ಸಂಬಂಧ? ನಮ್ಮ ಜನ ಹಸಿವಿಂದ ಸಾಯ್ತಿದ್ದಾರೆ." ಹಸಿವೂ ಇದೆ, ಬೊಜ್ಜೂ ಇದೆ, ಎರಡೂ ಒಂದೇ ಮನೆಯಲ್ಲಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಜನರ ತೂಕ ಹೆಚ್ಚು. ಅದೇ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಎರಡೂ ಲೆಕ್ಕ ಒಟ್ಟಿಗೆ ಓದಿ. ಮೈ ದಪ್ಪ, ರಕ್ತ ತೆಳ್ಳಗೆ. ಇದು ತಿಂದು ಕೊಬ್ಬಿದ ಮೈಯಲ್ಲ. ಅಕ್ಕಿ, ಸಕ್ಕರೆ, ಪಾಮಾಯಿಲ್ ಸಿಗುತ್ತೆ. ಬೇಳೆ, ಮೊಟ್ಟೆ, ಮಾಂಸ, ಹಣ್ಣು ಕೈಗೆ ಎಟುಕಲ್ಲ. ಆ ತಟ್ಟೆ ತಯಾರು ಮಾಡಿದ ಮೈ ಇದು. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ 7-8 ಗ್ರಾಂ ಅಷ್ಟೇ. ಹೊಟ್ಟೆ ತುಂಬಿಸೋಕೆ ಅನ್ನವೇ ಗತಿ ಅಂದಮೇಲೆ ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಲ್ಲುತ್ತೆ.

ಇನ್ನೊಂದು ಮಾತಿದೆ: "ವಾಕಿಂಗ್ ಮಾಡಮ್ಮ." ಹೊತ್ತು ಹುಟ್ಟೋ ಮುಂಚೆ ಪೊರಕೆ ಹಿಡ್ಕೊಂಡು ಬೀದಿಗೆ ಇಳಿಯೋಳಿಗೆ, ಮೂರು ಮನೆ ಕೆಲಸಕ್ಕೆ ಮೂರು ಮಹಡಿ ಹತ್ತಿ ಇಳಿಯೋಳಿಗೆ ಈ ಮಾತು. ಕೋಲ್ಸ್ ಪಾರ್ಕಲ್ಲಿ ಶೂ ಹಾಕ್ಕೊಂಡು ಸುತ್ತು ಹೊಡೆಯೋರ ನಡಿಗೆಗೆ ವ್ಯಾಯಾಮ ಅಂತ ಹೆಸರು. ಆ ಪಾರ್ಕಿನ ಸುತ್ತ ರಸ್ತೆ ಗುಡಿಸೋಳ ನಡಿಗೆಗೆ ಯಾವ ಹೆಸರೂ ಇಲ್ಲ. ಅವಳು ದಪ್ಪ ಇದ್ದರೆ "ಪುಕ್ಕಟೆ ಅಕ್ಕಿ ತಿಂದು ಊದಿದ್ದಾಳೆ" ಅಂತಾರೆ. ಅನ್ನಭಾಗ್ಯಕ್ಕೆ ಬೈಯೋರು, ಮೀಸಲಾತಿಗೆ ಬೈಯೋರು, ಈ ಮಾತು ಆಡೋರು ಬೇರೆ ಬೇರೆ ಜನ ಅಲ್ಲ.

ಹಾಗಾಗಿ ಬ್ಯಾಗಿಗೆ ಏನಾದ್ರೂ ಹಾಕೋ ಮೊದಲು ಒಂದನ್ನ ಮನೇಲೇ ಬಿಟ್ಟು ಹೋಗಿ: ನಾಚಿಕೆ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲುನೋವು, ನರದ ನೋವು ಅವರನ್ನ ಕೊನೇ ವರ್ಷಗಳಲ್ಲಿ ಹಣ್ಣು ಮಾಡಿತ್ತು. ಅದನ್ನ ಯಾರೂ ಅವರ ಚಾರಿತ್ರ್ಯದ ಲೋಪ ಅನ್ನಲ್ಲ. ನಿಮ್ಮದನ್ನೂ ಅನ್ನೋ ಹಾಗಿಲ್ಲ.

ಮಾಡಿಸ್ಕೊಳ್ಳಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ಬೇಡ ಅಂತಲೂ ಹೇಳಲ್ಲ. ಅದು ನೀವು, ನಿಮ್ಮ ಡಾಕ್ಟರು ಕೂತು ತೀರ್ಮಾನ ಮಾಡೋದು. ಆದ್ರೆ ಎರಡು ಸರ್ಜರಿಗಳನ್ನ ಒಂದು ಮಾಡ್ಕೋಬೇಡಿ. ಪೈಪು ಹಾಕಿ ಕೊಬ್ಬು ಎಳೆಯೋದು ಲಿಪೊಸಕ್ಷನ್. ಅದು ಅಂದದ ಸರ್ಜರಿ, ಸಕ್ಕರೆ ಕಾಯಿಲೆಗೆ ಮದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯೋ ಸರ್ಜರಿಗೆ ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ನಾವಿಲ್ಲಿ ಮಾತಾಡ್ತಿರೋದು ಬೇರಿಯಾಟ್ರಿಕ್ ಸರ್ಜರಿ ಬಗ್ಗೆ. ಸ್ಲೀವ್ ಅನ್ನೋದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಕತ್ತರಿಸಿ ತೆಗೀತಾರೆ, ಬಾಳೆಕಾಯಿಯಂಥ ಸಣ್ಣ ಕೊಳವೆ ಉಳಿಯುತ್ತೆ. ಬೈಪಾಸಲ್ಲಿ ಜಠರ ಚಿಕ್ಕದು ಮಾಡಿ ಕರುಳಿನ ದಾರಿ ಬದಲಾಯಿಸ್ತಾರೆ. ಕತ್ತರಿಸಿದ ಜಠರ ಮತ್ತೆ ಬರಲ್ಲ. ಇದು ದೊಡ್ಡ ಸರ್ಜರಿ. ಗಾಯ ಮಾತ್ರ ಸಣ್ಣದು.

ಈಗ ಬ್ಯಾಗು.

ಮೊದಲು ಕಾಗದ. ಬಟ್ಟೆ ಕಮ್ಮಿ ಆದ್ರೆ ಮನೆಯಿಂದ ತರಿಸ್ಬಹುದು, ಕಾಗದ ಕಮ್ಮಿ ಆದ್ರೆ ಕೌಂಟರಲ್ಲೇ ನಿಲ್ಲಿಸ್ತಾರೆ. ಒಂದು ಪ್ಲಾಸ್ಟಿಕ್ ಫೈಲಲ್ಲಿ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಇಎಸ್‌ಐ ಕಾರ್ಡ್ ಅಥವಾ ಇನ್ಶೂರೆನ್ಸ್ ಕಾಗದ, ಹಳೇ ಚೀಟಿಗಳು, ರಕ್ತಪರೀಕ್ಷೆ, ಇಸಿಜಿ, ಎಕೋ, ಸ್ಕ್ಯಾನ್ ರಿಪೋರ್ಟು. ಎಲ್ಲದರದ್ದೂ ಎರಡೆರಡು ಜೆರಾಕ್ಸು. ಮೂಲ ಪ್ರತಿ ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ಇಟ್ಕೊಳ್ಳಿ.

ಬಿಪಿಎಲ್ ಕಾರ್ಡಿದೆ, 5 ಲಕ್ಷ ಸಿಗುತ್ತೆ ಅಂತ ನಂಬ್ಕೊಂಡು ಬ್ಯಾಗು ಕಟ್ಬೇಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅನ್ನೋದು ನಿಜ. ಆದ್ರೆ ಪಟ್ಟಿಯಲ್ಲಿರೋ ಚಿಕಿತ್ಸೆಗಳಿಗೆ ಮಾತ್ರ. ನಿಮಗೆ ಹೇಳಿರೋ ಸರ್ಜರಿ ಆ ಪಟ್ಟಿಯಲ್ಲಿ ಇದೆಯಾ, ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಆರೋಗ್ಯಮಿತ್ರರ ಹತ್ರ ಮುಂಚೆಯೇ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. "ಆಮೇಲೆ ನೋಡೋಣ, ಅಡ್ಮಿಟ್ ಆಗಿ" ಅಂದ್ರೆ ಅಡ್ಮಿಟ್ ಆಗಬೇಡಿ. ಇದು ತುರ್ತು ಸರ್ಜರಿಯಲ್ಲ, ಒಂದು ವಾರ ತಡವಾದ್ರೆ ಏನೂ ಹೋಗಲ್ಲ. ಖಾಸಗಿಯಲ್ಲಿ ಖರ್ಚು ಲಕ್ಷಗಳ ಲೆಕ್ಕ. ಒಳಗೆ ಹೊಲಿಯೋ ಸ್ಟೇಪ್ಲರ್ ಮತ್ತು ಅದರ ಕಾರ್ಟ್ರಿಡ್ಜುಗಳೇ ಬಿಲ್ಲಿನ ದೊಡ್ಡ ಪಾಲು. ಎಷ್ಟು ಕಾರ್ಟ್ರಿಡ್ಜು, ಒಂದಕ್ಕೆ ಎಷ್ಟು, ಜಾಸ್ತಿ ಬೇಕಾದ್ರೆ ಯಾರ ತಲೆ ಮೇಲೆ ಅನ್ನೋದನ್ನ ಅಂದಾಜು ಪಟ್ಟಿಯಲ್ಲೇ ಬರೆಸಿ.

ಕಂಪನಿಯವರು ಕೊಟ್ಟ ಇನ್ಶೂರೆನ್ಸ್ ಇರೋರು ಇದನ್ನ ತಿಳ್ಕೊಳ್ಳಿ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಥರದ ಷರತ್ತು ಬರೆದುಕೊಟ್ಟಿತು: ವಯಸ್ಸು 18 ಆಗಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಜೊತೆಗೆ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟೋ ತೀವ್ರ ತೊಂದರೆ ಇಂಥವು ಇದ್ದು, ಬೇರೆ ದಾರಿಗಳು ಸೋತಿರಬೇಕು. ಐದಡಿ ಎತ್ತರದ ಹೆಂಗಸಿಗೆ ಬಿಎಂಐ 40 ಅಂದ್ರೆ ಸುಮಾರು 93 ಕೆಜಿ, 35 ಅಂದ್ರೆ ಸುಮಾರು 81 ಕೆಜಿ. ನಮ್ಮಂಥ ಏಷ್ಯಾದ ಮೈಗಳಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತೆ ಅಂತ ವೈದ್ಯರು ಒಪ್ಪಿದ್ದಾರೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಸರ್ಜರಿ ಯೋಚಿಸಬಹುದು ಅನ್ನುತ್ತೆ. ಅಂದ್ರೆ ಡಾಕ್ಟರು ಬೇಕು ಅಂದ್ರೂ ವಿಮೆಯವರು ಆಗಲ್ಲ ಅನ್ನಬಹುದು. ಬ್ಯಾಗು ಕಟ್ಟೋ ಮುಂಚೆ ಮಂಜೂರಾತಿ ಕೈಗೆ ಬರಲಿ.

ಇಎಸ್‌ಐ ಕಾರ್ಡನ್ನ ಮರೀಬೇಡಿ. ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸದಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅದು ಹಕ್ಕು. ಇಂದಿರಾನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಇದು: ಇಎಸ್‌ಐ ಅಂದ್ರೆ ಬರೀ ಔಷಧಿಯಲ್ಲ, ಕಾಯಿಲೆ ರಜೆಗೆ ದುಡ್ಡೂ ಬರುತ್ತೆ. ಅರ್ಹತೆಯ ದಿನಗಳ ವಂತಿಗೆ ಕಟ್ಟಿದ್ದರೆ ಕೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಆರು ವಾರ ಅಂದ್ರೆ 42 ದಿನ. ಕಂತ್ರಾಟುದಾರ ನಿಮ್ಮ ಹೆಸರಲ್ಲಿ ಹಿಡಿದ ದುಡ್ಡನ್ನ ನಿಜವಾಗ್ಲೂ ಕಟ್ಟಿದ್ದಾನಾ ಅಂತ ಸರ್ಜರಿಗೆ ಎರಡು ತಿಂಗಳು ಮುಂಚೆಯೇ ಹೋಗಿ ನೋಡಿಸಿ. ಮನೆಗೆಲಸದ ಅಕ್ಕಂದಿರಿಗೆ ಈ ರಕ್ಷಣೆ ಇಲ್ಲ. ಅದಕ್ಕೆ ಮುಂದೆ ಬರ್ತೀನಿ.

ಒಪ್ಪಿಗೆ ಪತ್ರ. ನಮ್ಮ ಪುಲಿಕೇಶಿನಗರದಲ್ಲಿ ಒಂದು ವಠಾರದಲ್ಲಿ ಕನ್ನಡ, ತಮಿಳು, ದಖನಿ, ತೆಲುಗು ನಾಲ್ಕೂ ಕೇಳುತ್ತೆ. ಕೈಗೆ ಬರೋ ಫಾರಂ ಮಾತ್ರ ಇಂಗ್ಲಿಷ್ನಲ್ಲಿ. "ಇಲ್ಲಿ ಸೈನ್ ಮಾಡಿ" ಅಂದಾಗ ಮಾಡಬೇಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರಿಸಿದ ರೋಗಿಗಳ ಹಕ್ಕುಗಳ ಸನ್ನದು ಇದೆ. ಅಪಾಯ ಏನು, ಬೇರೆ ದಾರಿ ಏನು ಅನ್ನೋದನ್ನ ನಿಮಗೆ ತಿಳಿಯೋ ಭಾಷೆಯಲ್ಲಿ ಹೇಳಿಸಿಕೊಳ್ಳೋದು ಹಕ್ಕು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳೋದು ಹಕ್ಕು. ಗಂಡು ಡಾಕ್ಟರ್ ಪರೀಕ್ಷೆ ಮಾಡುವಾಗ ಹೆಂಗಸೊಬ್ಬರು ಜೊತೆಗಿರೋದು ಹಕ್ಕು. ಕೇಸ್‌ಶೀಟಿನ ಪ್ರತಿ ಕೇಳೋದು ಹಕ್ಕು. ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು ಬ್ಯಾಗಲ್ಲಿರ್ಲಿ. ಯಾರು ಬಂದ್ರು, ಏನಂದ್ರು, ಯಾವ ಇಂಜೆಕ್ಷನ್ ಕೊಟ್ರು, ತಾರೀಖು ಸಮೇತ ಬರೀರಿ. ಓದು ಬರಹ ಬಾರದ ಅಮ್ಮಂದಿರ ಜೊತೆ ಹೈಸ್ಕೂಲ್ ಓದೋ ಮಗಳಿದ್ರೆ ಅವಳ ಕೈಯಲ್ಲಿ ಬರೆಸಿ. ಬರೆಯೋರನ್ನ ಕಂಡ್ರೆ ಮಾತಾಡಿಸೋ ರೀತಿ ಬದಲಾಗುತ್ತೆ.

ಇನ್ನು ಮೈಮೇಲಿನದ್ದು. ಮುಂದೆ ಗುಂಡಿ ಇರೋ ಹತ್ತಿ ನೈಟಿ ಎರಡು ಮೂರು. ಹೊಟ್ಟೆ ಒತ್ತೋ ಲಂಗದ ಲಾಡಿ ಬೇಡ, ಸಡಿಲ ಎಲಾಸ್ಟಿಕ್ ಇರಲಿ. ಬಗ್ಗದೇ ಕಾಲು ತೂರಿಸೋ ಚಪ್ಪಲಿ, ಜಾರದಂಥದ್ದು. ಒಳ ಉಡುಪು, ಟವೆಲ್, ಬ್ರಷ್, ಬಾಚಣಿಗೆ, ಸ್ವಲ್ಪ ಕೊಬ್ಬರಿ ಎಣ್ಣೆ. ತುಟಿ ಒಣಗಿ ಸೀಳುತ್ತೆ, ಅದಕ್ಕೆ ಅದೇ ಸಾಕು. ಪ್ಯಾಡ್ ಇಟ್ಕೊಳ್ಳಿ. ಸರ್ಜರಿ ಹೊತ್ತಲ್ಲಿ ಲೆಕ್ಕ ತಪ್ಪಿ ಮುಟ್ಟಾಗೋದುಂಟು. ಉದ್ದ ವೈರಿನ ಚಾರ್ಜರ್. ಕೆಮ್ಮುವಾಗ ಹೊಟ್ಟೆಗೆ ಒತ್ತಿಹಿಡಿಯೋಕೆ ಒಂದು ಸಣ್ಣ ದಿಂಬು ಅಥವಾ ಮಡಚಿದ ದುಪ್ಪಟಿ. ವಾಪಸ್ ಆಟೋದಲ್ಲಿ ಬರುವಾಗ ನಮ್ಮ ರಸ್ತೆ ಹಂಪುಗಳಿಗೆ ಅದೇ ಬೇಕಾಗುತ್ತೆ. ನಿದ್ದೆಯಲ್ಲಿ ಉಸಿರು ಕಟ್ಟುತ್ತೆ ಅಂತ ಮಷೀನ್ ಕೊಟ್ಟಿದ್ದರೆ ಅದನ್ನ ತಪ್ಪದೇ ಒಯ್ಯಿರಿ.

ತಾಳಿ, ಮೂಗುಬೊಟ್ಟು, ಬಳೆ, ಕಾಲುಂಗುರ, ತಾಯತ, ಕುತ್ತಿಗೆಯ ಶಿಲುಬೆ ಎಲ್ಲಾ ಮನೇಲೇ ತೆಗೆದಿಟ್ಟು ಬನ್ನಿ. ಆಪರೇಷನ್ ಥಿಯೇಟರಲ್ಲಿ ಕರೆಂಟಿನ ಉಪಕರಣ ಬಳಸ್ತಾರೆ, ಲೋಹ ಮೈಮೇಲಿದ್ರೆ ಸುಡಬಹುದು. ಉಗುರುಬಣ್ಣ, ಮದರಂಗಿ ಬೇಡ. ಬೆರಳಿಗೆ ಹಾಕೋ ಆಮ್ಲಜನಕದ ಯಂತ್ರಕ್ಕೆ ಅಡ್ಡಿಯಾಗ್ಬಹುದು. ಥಿಯೇಟರ್ ಬಾಗಿಲಲ್ಲಿ ಅಳ್ತಾ ತಾಳಿ ಬಿಚ್ಚೋದಕ್ಕಿಂತ ಮನೇಲಿ ಸಮಾಧಾನವಾಗಿ ತೆಗೆದಿಡೋದು ಒಳ್ಳೇದು. ಅತ್ತೆಗೆ ಹೇಳೋ ಜವಾಬ್ದಾರಿ ಗಂಡನದ್ದು.

ಔಷಧಿ. ದಿನಾ ನುಂಗೋ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನ ಪಟ್ಟಿ ಸಮೇತ ತಗೊಂಡು ಹೋಗಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಸರ್ಜರಿ ಆದ ಕೂಡಲೇ ಶುಗರ್ ಮಾತ್ರೆಯ ಪ್ರಮಾಣ ಬದಲಾಗುತ್ತೆ, ಹಳೇ ಲೆಕ್ಕದಲ್ಲಿ ನುಂಗಿದ್ರೆ ಶುಗರ್ ಕುಸಿದು ಬೀಳ್ತೀರಿ. ನಾಟಿ ಔಷಧಿ ತಗೊಳ್ತಿದ್ರೆ ಮುಚ್ಚಿಡಬೇಡಿ, ಹೇಳಿ. ಇನ್ನು ಕಡ್ಡಿಪುಡಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಬೀಡಿ. ನಾತ ತಡೆಯೋಕೆ, ಹಸಿವು ತಡೆಯೋಕೆ ಅಂತ ಶುರುವಾದ ಅಭ್ಯಾಸ ಇದು, ನನಗೆ ಗೊತ್ತು. ಆದ್ರೆ ಹೊಗೆಸೊಪ್ಪು ಒಳಗಿನ ಗಾಯ ಮಾಯೋಕೆ ಬಿಡಲ್ಲ, ಹುಣ್ಣು ಮಾಡುತ್ತೆ. ವಾರಗಳ ಮುಂಚೆಯೇ ಬಿಡಬೇಕು. ಸೆರಗಿನ ಗಂಟಲ್ಲಿ ಕಟ್ಕೊಂಡು ಹೋಗೋ ಹಾಗಿಲ್ಲ.

ಜೊತೆಗೊಬ್ಬರು. ಸಂಘಟನೆಯವರು ಇದನ್ನ ಗಮನಿಸಿ ಓದಬೇಕು. ಸರ್ಜರಿ ಆದ ದಿನವೇ ಎಬ್ಬಿಸಿ ನಡೆಸ್ತಾರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಹೆಗಲು ಕೊಡೋರು ಬೇಕು. ಗುಟುಕು ಗುಟುಕಾಗಿ ನೀರು ಕುಡಿಸೋರು ಬೇಕು. ಔಷಧಿ ಅಂಗಡಿಗೆ ಓಡೋರು ಬೇಕು. ಆ ಜೊತೆಗಾರಳು ಕಾರಿಡಾರ್ ನೆಲದಲ್ಲಿ ಮಲಗ್ತಾಳೆ. ಅವಳಿಗೊಂದು ಚಾಪೆ, ಹೊದಿಕೆ, ಊಟದ ಡಬ್ಬಿ ಬ್ಯಾಗಲ್ಲಿರಬೇಕು. ಅವಳ ಮೂರು ದಿನದ ಕೂಲಿ ಯಾವ ಬ್ಯಾಗಲ್ಲಿದೆ? ಯಾರ ಪಟ್ಟಿಯಲ್ಲೂ ಇಲ್ಲ. ನಮ್ಮಲ್ಲಿ ಒಬ್ಬರು ಆಸ್ಪತ್ರೆ ಸೇರಿದ್ರೆ ಎರಡು ಕೂಲಿ ಹೋಗುತ್ತೆ.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆ ರೋಗಿಯನ್ನ ತಾವೇ ಹೊತ್ತು ಮಗ ಯಶವಂತರ ಚಿಕಿತ್ಸಾಲಯಕ್ಕೆ ತಂದರು. ಅದೇ ರೋಗ ತಗುಲಿ ತೀರಿಕೊಂಡರು. ಮರುವರ್ಷ, 1898ರಲ್ಲಿ, ಆ ಪ್ಲೇಗ್ ಬೆಂಗಳೂರಿಗೂ ಬಂತು. ದಂಡಿನ ಜನಸಂದಣಿ ಕಡಿಮೆ ಮಾಡೋಕೆ ಅಂತ ಆಮೇಲೆ ಕಟ್ಟಿದ ಬಡಾವಣೆಯೇ ಫ್ರೇಜರ್ ಟೌನ್, ಇವತ್ತಿನ ಪುಲಿಕೇಶಿನಗರ. ಪ್ರತಿ ಜನವರಿ 3ಕ್ಕೆ ಸಾವಿತ್ರಿಬಾಯಿ ಫೋಟೋಗೆ ಹಾರ ಹಾಕೋ ನಾವು ಒಂದು ಕೆಲಸ ಮಾಡಬಹುದು. ಕೇರಿಗೆ ಐದು ಜನರ ಹೆಸರು ಬರೆದಿಡೋಣ, ಆಸ್ಪತ್ರೆಗೆ ಜೊತೆ ಹೋಗೋರದ್ದು. ಪಾಳಿಯಲ್ಲಿ ಹೋಗೋಣ. ಸಭೆಗೆ ಬರೋ ಜನ ಇದಕ್ಕೂ ಬರಲಿ, ಗಂಡಸರು ಮುಖ್ಯವಾಗಿ ಬರಲಿ. ಜೊತೆಗಾರರ ಆ ದಿನದ ಕೂಲಿಗೆ ಒಂದು ಡಬ್ಬಿ ಇಡೋಣ.

ವಾರ್ಡಿನ ಬಗ್ಗೆ ಒಂದು ಮಾತು. ಅಲ್ಲಿ ನೆಲ ಒರೆಸೋರು, ಬೆಡ್‌ಪ್ಯಾನ್ ತೆಗೆಯೋರು, ಗಾಲಿಕುರ್ಚಿ ತಳ್ಳೋರು ಹೆಚ್ಚಿನಂಶ ನಮ್ಮ ಕೇರಿಗಳಿಂದಲೇ ಬಂದ ಕಂತ್ರಾಟು ಕೆಲಸಗಾರರು. ಗಾಲಿಕುರ್ಚಿಗೆ ನೂರು ರೂಪಾಯಿ ಕೇಳೋ ಕೈ ಮೇಲೆ ಸಿಟ್ಟು ಬರುತ್ತೆ. ಲಂಚ ಲಂಚವೇ, ಕೊಡಬೇಡಿ, ದೂರು ಬರೀರಿ. ಆದ್ರೆ ದೂರಲ್ಲಿ ಆ ಕೈಗೆ ಸರಿಯಾಗಿ ಕೂಲಿ ಕೊಡದ ಕಂತ್ರಾಟುದಾರನ ಹೆಸರನ್ನೂ ಸೇರಿಸಿ. ಅವರ ಹೆಸರು ಕೇಳಿ, ಹೆಸರಿಡಿದು ಕರೀರಿ. "ಏ ಆಯಾ" ಅನ್ನಬೇಡಿ. ನಮ್ಮನ್ನ ಹಾಗೆ ಕರೆದಾಗ ಹೇಗಾಗುತ್ತೆ ಅಂತ ನಮಗೆ ಗೊತ್ತಲ್ವಾ.

ಊಟ. ಎಲ್ಲರೂ ಕೈ ಸುಟ್ಕೊಳ್ಳೋದು ಇಲ್ಲೇ. ಸರ್ಜರಿಗೆ ಮುಂಚೆ ಸುಮಾರು ಎರಡು ವಾರ ಕಮ್ಮಿ ಕ್ಯಾಲೊರಿ ಊಟ, ಲಿವರ್ ಕುಗ್ಗಲಿ ಅಂತ. ಆದ ಮೇಲೆ ಮೊದಲು ತಿಳಿನೀರು, ಆಮೇಲೆ ಎರಡು ವಾರದ ತನಕ ದ್ರವ ಆಹಾರ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು, ಗಟ್ಟಿ ಊಟಕ್ಕೆ ಬರೋಷ್ಟೊತ್ತಿಗೆ ತಿಂಗಳು ದಾಟುತ್ತೆ. ಸ್ಟ್ರಾ ಬೇಡ, ಸೋಡಾ ಬೇಡ, ಗಟಗಟ ಕುಡಿಯೋದು ಬೇಡ. ಕೆಮ್ಮಿನ ಔಷಧಿ ಬಾಟ್ಲಿಯ ಅಳತೆ ಮುಚ್ಚಳ ತೊಳೆದು ಬ್ಯಾಗಿಗೆ ಹಾಕ್ಕೊಳ್ಳಿ. ಅದರಲ್ಲಿ ಅಳೆದು ಅಳೆದು ಗುಟುಕರಿಸಬೇಕು. ಇಷ್ಟೆಲ್ಲದರ ನಡುವೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು, ಇಲ್ಲದಿದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಕೂದಲು ಉದುರುತ್ತೆ.

ಆಸ್ಪತ್ರೆಯವರು ಕೊಡೋ ಡಯಟ್ ಚೀಟಿ ನೋಡಿ. ಪನೀರ್, ತೋಫು, ಗ್ರೀಕ್ ಯೋಗರ್ಟ್, ವೇ ಪೌಡರ್. ಚೀಟಿ ಬರೆದ ಕೈಗೆ ನಮ್ಮ ಅಡುಗೆಮನೆ ಗೊತ್ತಿಲ್ಲ, ಗೊತ್ತಿದ್ರೂ ಬರೆಯೋಕೆ ಮುಜುಗರ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. 100 ಗ್ರಾಂ ಹುರಿಗಡಲೆಯಲ್ಲಿ, ಹುರುಳಿಕಾಳಲ್ಲಿ 20 ಗ್ರಾಂ ದಾಟುತ್ತೆ. ಸೋಯಾ ಚಂಕ್ಸಲ್ಲಿ 50 ಗ್ರಾಂ ದಾಟುತ್ತೆ. ಹುರಿಗಡಲೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು ಹಾಲಲ್ಲಿ ಕಲಸಬಹುದಾ, ಹುರುಳಿ ಕಟ್ಟು ಸೋಸಿ ಕೊಡಬಹುದಾ, ಯಾವ ವಾರದಿಂದ ಅಂತ ಡಯಟೀಷಿಯನ್ನರನ್ನ ನೇರವಾಗಿ ಕೇಳಿ. ರಾಗಿಗಂಜಿ ಒಳ್ಳೇದೇ, ಆದ್ರೆ ಅದನ್ನೇ ಪ್ರೋಟೀನ್ ಅಂದ್ಕೋಬೇಡಿ. ಕಾಲು ಸೂಪು ಕೂಡ ಅಷ್ಟೇ. ಗಂಟಲಿಗೆ ಹಿತ, ಪ್ರೋಟೀನ್ ಕಡಿಮೆ, ಮೇಲಿನ ಕೊಬ್ಬು ತೆಗೆದು ಕುಡೀರಿ.

ಇನ್ನು ದನದ ಮಾಂಸ. ಬೇಯಿಸಿದ 100 ಗ್ರಾಮಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಜೊತೆಗೆ ಕಬ್ಬಿಣಾಂಶ, ಬಿ12. ಈ ಸರ್ಜರಿ ಆದವರಿಗೆ ಕೊರತೆ ಬೀಳೋದರಲ್ಲಿ ಈ ಎರಡೂ ಸೇರಿವೆ. ಕೆಂಪು ಮಾಂಸ ಅಗಿಯೋದು ಕಷ್ಟ, ಹಾಗಾಗಿ ಅದು ಕೊನೇ ಹಂತಕ್ಕೆ, ನುಣ್ಣಗೆ ಬೇಯಿಸಿದ ಕೈಮಾ ಆಗಿ. ಆದ್ರೆ ತಲೆಮಾರುಗಳಿಂದ ಬಡವರ ಮೈಗೆ ರಕ್ತ ಕೊಟ್ಟ ಈ ಮಾಂಸವನ್ನ 2020ರ ಗೋಹತ್ಯೆ ನಿಷೇಧ ಕಾಯ್ದೆ ಅಪರಾಧದ ವಸ್ತು ಮಾಡಿತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಮತ್ಯಾವುದನ್ನೂ ಕಡಿಯೋ ಹಾಗಿಲ್ಲ, ಕಡಿದರೆ 3ರಿಂದ 7 ವರ್ಷ ಜೈಲು. ಹೀಗೆ ಅಗ್ಗದ ಪ್ರೋಟೀನನ್ನ ತಟ್ಟೆಯಿಂದ ಕಿತ್ಕೊಂಡು, ಆಮೇಲೆ ಸಾವಿರಾರು ರೂಪಾಯಿಯ ಪೌಡರ್ ಡಬ್ಬ ತೋರಿಸ್ತಾರೆ. ಆಸ್ಪತ್ರೆಯಲ್ಲಿ "ಏನ್ ತಿಂತೀರಿ" ಅಂತ ಕೇಳಿದಾಗ ನಮ್ಮ ಅಕ್ಕಂದಿರು "ಚಿಕನ್ನು" ಅಂತ ಹೇಳಿ ಸುಮ್ಮನಾಗ್ತಾರೆ. ಏನು ತಿಂತೀರೋ ಅದನ್ನೇ ಹೇಳಿ. ಸುಳ್ಳು ಊಟದ ಮೇಲೆ ಬರೆದ ಚೀಟಿ ನಿಮ್ಮ ಮೈಗೆ ಕೆಲಸಕ್ಕೆ ಬರಲ್ಲ.

ಡಿಸ್ಚಾರ್ಜ್ ಆಗುವಾಗ ಬ್ಯಾಗಿಗೆ ಸೇರಬೇಕಾದ್ದು ಮೂರು. ಡಿಸ್ಚಾರ್ಜ್ ಸಮ್ಮರಿ. ರಾತ್ರಿ ಹೊತ್ತಲ್ಲೂ ಎತ್ತೋ ಫೋನ್ ನಂಬರ್, ಕಾಗದದ ಮೇಲೆ ಬರೆದದ್ದು. ಕೆಲಸದ ಬಗ್ಗೆ ಡಾಕ್ಟರ ಪತ್ರ. ಎದೆಬಡಿತ ನಿಮಿಷಕ್ಕೆ 120 ದಾಟಿದ್ರೆ, ಜ್ವರ ಬಂದ್ರೆ, ಉಸಿರಾಟ ಕಷ್ಟವಾದ್ರೆ, ಎಡಭುಜದಲ್ಲಿ ನೋವು ಬಂದ್ರೆ, ಹೊಟ್ಟೆನೋವು ಏರ್ತಾ ಹೋದ್ರೆ, ನೀರೂ ನಿಲ್ಲದೇ ವಾಂತಿಯಾದ್ರೆ, ಒಂದು ಕಾಲು ಊದಿಕೊಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಲಿಗೆ ಸೋರ್ತಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಗ್ಯಾಸ್ ಅಂತ ಸೋಡಾ ಕುಡಿಸಬೇಡಿ, ಆಸ್ಪತ್ರೆಗೆ ಹೊರಡಿ. ಸೊಂಟನೋವಿಗೆ ಅಂತ ಅಂಗಡಿಯಲ್ಲಿ ಕೇಳಿ ನುಂಗೋ ಬ್ರೂಫೆನ್, ಡೈಕ್ಲೋಫೆನಾಕ್ ಇನ್ಮೇಲೆ ಡಾಕ್ಟರನ್ನ ಕೇಳದೇ ಬೇಡ. ಜಠರದಲ್ಲಿ ಹುಣ್ಣಾಗುತ್ತೆ.

ಆ ಕೆಲಸದ ಪತ್ರ ಯಾಕೆ? ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಅಂತಾರೆ. ಕಸದ ಗಾಡಿ ತಳ್ಳೋಳು, ಬಿಂದಿಗೆ ಎತ್ತೋಳು, ಕೈಕೂಸು ಎತ್ತೋಳು ಏನ್ ಮಾಡಬೇಕು? 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ಆದೇಶ ಸಿಕ್ಕಿತು. ದಶಕಗಳ ಹೋರಾಟದ ಫಲ ಅದು. ಖಾಯಂ ಆದವರಿಗೆ ರಜೆ ಕೇಳೋ ಬಾಯಾದ್ರೂ ಬಂತು. ಗುತ್ತಿಗೆಯಲ್ಲಿ ದುಡಿಯೋ ಲೋಡರ್, ಹೆಲ್ಪರಿಗೆ, ಮನೆಗೆಲಸದ ಅಕ್ಕನಿಗೆ ಆರು ವಾರ ಅಂದ್ರೆ ಕೆಲಸವೇ ಹೋಯ್ತು ಅಂತ ಅರ್ಥ. ಅವಳು ಹತ್ತನೇ ದಿನಕ್ಕೆ ಕೆಲಸಕ್ಕೆ ಇಳೀತಾಳೆ. ಗಾಯದ ಜಾಗದಲ್ಲಿ ಹರ್ನಿಯಾ ಆದ್ರೆ "ಡಾಕ್ಟರು ಹೇಳಿದ್ದು ಕೇಳಿಲ್ಲ" ಅಂತ ಅವಳ ಮೇಲೇ ತಪ್ಪು ಹೊರಿಸ್ತಾರೆ.

ಆರು ವಾರಕ್ಕೂ ಮುಗಿಯಲ್ಲ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಜೀವನಪೂರ್ತಿ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಜೊತೆ ಟೀ ಬೇಡ. ರಕ್ತಪರೀಕ್ಷೆ ಕಾಲಕಾಲಕ್ಕೆ. ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಗಂಡನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಡಾಕ್ಟರ ಹತ್ರ ಈ ಮಾತು ಆಡಿಸಿ. ಸರ್ಜರಿಗೆ ದುಡ್ಡು ಹೊಂದಿಸಿದ್ದೀವಿ, ಮಾತ್ರೆಗೆ ಹೊಂದಿಸಿಲ್ಲ ಅನ್ನೋ ಮನೆಯವರು ಸರ್ಜರಿಯನ್ನ ಸ್ವಲ್ಪ ಮುಂದಕ್ಕೆ ಹಾಕಿ. ನಿಷ್ಠುರ ಅನಿಸಿದ್ರೂ ಹೇಳ್ತೀನಿ: ಮಾತ್ರೆ ಇಲ್ಲದ ಸರ್ಜರಿಯಿಂದ ಇನ್ನೊಂದು ಕಾಯಿಲೆ ಬರುತ್ತೆ.

ಹಾಗಾದ್ರೆ ನಾವು ಕೇಳಬೇಕಾದ್ದು ಏನು?

ಪುಲಿಕೇಶಿನಗರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಪಕ್ಕದ ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಇದೆ, ಈಗ ಅದು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಅಂಥ ಪ್ರತಿ ಸರ್ಕಾರಿ ಮೆಡಿಕಲ್ ಕಾಲೇಜಲ್ಲೂ ಬೊಜ್ಜು ಮತ್ತು ಸಕ್ಕರೆ ಕಾಯಿಲೆಗೆ ಒಂದೇ ಕಡೆ ಡಾಕ್ಟರು, ಡಯಟೀಷಿಯನ್, ಮನಶ್ಶಾಸ್ತ್ರಜ್ಞರು ಸಿಗಬೇಕು. ಬೇಕಾದವರಿಗೆ ಸರ್ಜರಿಯೂ ಅಲ್ಲೇ ಆಗಬೇಕು. ಸರ್ಕಾರಿ ಪ್ಯಾಕೇಜಲ್ಲಿ ಸರ್ಜರಿ ಜೊತೆ ಆಮೇಲಿನ ಮಾತ್ರೆ, ರಕ್ತಪರೀಕ್ಷೆಯೂ ಸೇರಬೇಕು. ಒಪ್ಪಿಗೆ ಪತ್ರ, ಡಯಟ್ ಚೀಟಿ ಕನ್ನಡ, ಉರ್ದು, ತಮಿಳು, ತೆಲುಗಲ್ಲಿ ಇರಬೇಕು. ನಮ್ಮ ಊಟ ಆ ಚೀಟಿಯಲ್ಲಿ ಇರಬೇಕು. ಗುತ್ತಿಗೆಯವರಿಗೂ ಆರು ವಾರ ಕೂಲಿಸಹಿತ ರಜೆ, ಬಂದಮೇಲೆ ಹಗುರ ಕೆಲಸ. ಮನೆಗೆಲಸದವರಿಗೆ ಇಎಸ್‌ಐನಂಥ ರಕ್ಷಣೆ. ಜೊತೆಗಿರೋರಿಗೆ ದಿನದ ಕೂಲಿ. ರೇಷನ್ನಲ್ಲಿ ಅಕ್ಕಿ ಜೊತೆ ಬೇಳೆ, ಮೊಟ್ಟೆ. ಕೊನೇದು ಸಿಕ್ಕಿದ್ರೆ ಎಷ್ಟೋ ಜನ ಈ ಸರ್ಜರಿ ಬಾಗಿಲಿಗೇ ಹೋಗಬೇಕಾಗಲ್ಲ.

ಇದನ್ನೆಲ್ಲ ಒಂದು ಮನವಿಯಾಗಿ ಬರೆಯೋಕೆ ಕೂರ್ತಿದ್ದೀವಿ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ನರ್ಸ್ ಅಕ್ಕಂದಿರು, ಡಾಕ್ಟರ್ ಗೆಳೆಯರು, ಈ ಸರ್ಜರಿ ಮಾಡಿಸ್ಕೊಂಡವರು ಬನ್ನಿ. ನಾನು ಬರೆದದ್ದರಲ್ಲಿ ಬಿಟ್ಟುಹೋದದ್ದನ್ನ ಕಾಮೆಂಟಲ್ಲಿ ಸೇರಿಸಿ. ಹೆಸರು ಹೇಳೋಕೆ ಇಷ್ಟ ಇಲ್ಲದಿದ್ರೆ ಇನ್‌ಬಾಕ್ಸ್ ಮಾಡಿ. ನಿಮ್ಮ ಕೇರಿಯಿಂದ ಜೊತೆ ಹೋಗೋಕೆ ತಯಾರಿರೋ ಐದು ಜನರ ಹೆಸರನ್ನ ಈ ಭಾನುವಾರದೊಳಗೆ ಕಳಿಸಿ.

ಜೈಭೀಮ್.